ಲಿಫ್ಟ್ ಆಗಿರುವ ಥಾರ್‌ಗೆ 33 ಇಂಚಿನ ಟೈರ್ ಹಾಕಿಸಬಹುದೇ?

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. 2021ರ ಮಹೀಂದ್ರಾ ಡೀಸೆಲ್ ಥಾರ್ ಜೀಪು ಇಟ್ಟುಕೊಂಡಿದ್ದೇವೆ. 16 ಇಂಚಿನ ರಿಮ್, ಕಂಪನಿಯ 245/75 ಟೈರ್. ಮಳೆಗಾಲದಲ್ಲಿ ತೋಟದ ದಾರಿ ಎರಡೂ ಕಡೆ ಕೊರೆದು, ನಡುವಿನ ದಿಬ್ಬ ಹಿಂದಿನ ಆಕ್ಸಲ್‌ಗೆ ತಾಗುತ್ತದೆ. ಅದಕ್ಕೆಂದೇ ಹೋದ ವರ್ಷ 2 ಇಂಚು ಲಿಫ್ಟ್ ಮಾಡಿಸಿದೆ. ಗಾಡಿ ಎತ್ತರವಾಯಿತು, ತಾಗುವುದು ಮಾತ್ರ ನಿಲ್ಲಲಿಲ್ಲ. ಈಗ ಅಂಗಡಿಯವರು 33 ಇಂಚಿನ ಮಡ್ ಟೈರ್ ಮತ್ತು ಹೊರಕ್ಕೆ ಚಾಚುವ ಅಲಾಯ್ ರಿಮ್ ಹಾಕಿಸಿ, ಲಿಫ್ಟ್ ಆಗಿದೆಯಲ್ಲ, ನೇರವಾಗಿ ಕೂರುತ್ತದೆ ಅನ್ನುತ್ತಾರೆ. ಗೆಳೆಯರೊಬ್ಬರ ಹತ್ತಿರ ಬಳಸಿದ ಸೆಟ್ ಕೂಡ ಇದೆ. ಇನ್ನೊಬ್ಬರು ಇಂಜಿನ್ ಹೋಗುತ್ತೆ, ಪೊಲೀಸರು ಹಿಡೀತಾರೆ ಅಂತ ಹೆದರಿಸಿದ್ದಾರೆ. ದಿನಾ ಬೆಳಗ್ಗೆ ನನ್ನ ಹೆಂಡತಿ ಇದೇ ಗಾಡಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ. ತಿಂಗಳಿಗೊಮ್ಮೆ ಬೆಂಗಳೂರಿಗೂ ಹೋಗುತ್ತೇವೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆ ಇವೆ. ತೋಟದಲ್ಲಿ ಆಕ್ಸಲ್ ತಾಗಬಾರದು. ರಸ್ತೆಯಲ್ಲಿ ಮನೆಯವರಿಗೆ ತೊಂದರೆ ಆಗಬಾರದು. ಎರಡನೆಯದೇ ದೊಡ್ಡದು. ಆದರೆ ಮೊದಲನೆಯದು ಅರ್ಥವಾಗದೆ ಎರಡನೆಯದಕ್ಕೆ ಉತ್ತರ ಸಿಗುವುದಿಲ್ಲ. ಹಾಗಾಗಿ ಲಿಫ್ಟ್ ಮಾಡಿಸಿದ ಮೇಲೂ ಯಾಕೆ ತಾಗುತ್ತಿದೆ ಅನ್ನುವುದರಿಂದ ಶುರು ಮಾಡುತ್ತೇನೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನಿಂದ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ದಪ್ಪ ಪೈಪಿನಂಥ ಆಕ್ಸಲ್ ಇದೆ. ಅದರ ನಡುವೆ ಉಬ್ಬಿಕೊಂಡಿರುವುದು ಹೌಸಿಂಗ್. ಇಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್, ಅದರ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ ಇರುವುದು ಇದರೊಳಗೆ. ಈ ಆಕ್ಸಲ್ ಕೂತಿರುವುದು ಚಕ್ರಗಳ ಮೇಲೆ. ಸ್ಪ್ರಿಂಗ್ ಇರುವುದು ಅದಕ್ಕಿಂತ ಮೇಲೆ. ನೀವು ಲಿಫ್ಟ್ ಮಾಡಿಸಿದಾಗ ಎದ್ದಿದ್ದು ಸ್ಪ್ರಿಂಗ್‌ಗಿಂತ ಮೇಲಿರುವ ಚಾಸಿ ಮತ್ತು ಬಾಡಿ. ಹೌಸಿಂಗ್ ಒಂದು ಮಿಲಿಮೀಟರೂ ಮೇಲೇಳಲಿಲ್ಲ. ಥಾರ್‌ನ ಮುಂದಿನ ಕಡೆ ಬೇರೆ ರೀತಿ. ಅಲ್ಲಿ ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇದೆ, ಡಿಫರೆನ್ಷಿಯಲ್ ಚಾಸಿಗೆ ಅಂಟಿಕೊಂಡಿದೆ. ಹಾಗಾಗಿ ಅದು ಬಾಡಿ ಜೊತೆ ಎದ್ದಿದೆ. ನಿಮಗೆ ಮುಂದೆ ತಾಗದೆ ಹಿಂದೆ ಮಾತ್ರ ತಾಗುವುದಕ್ಕೆ ಕಾರಣ ಇದೇ.

ಹಿಂದಿನ ಹೌಸಿಂಗ್ ಮೇಲೇಳಬೇಕಾದರೆ ಟೈರ್ ಎತ್ತರವಾಗಬೇಕು. ಅಂಗಡಿಯವರು ಹೇಳಿದ್ದರಲ್ಲಿ ಇಷ್ಟು ನಿಜ. ಎಷ್ಟು ಏಳುತ್ತದೆ ಅಂತ ಲೆಕ್ಕ ಹಾಕೋಣ. 245/75 ಆರ್16 ಅಂದರೆ ಟೈರ್‌ನ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75, ರಿಮ್ 16 ಇಂಚು. ಈ ಟೈರ್‌ನ ಒಟ್ಟು ಎತ್ತರ ಸುಮಾರು 774 ಮಿ.ಮೀ. 33 ಅಂತ ಮಾರುವ 285/75 ಆರ್16 ಸುಮಾರು 834 ಮಿ.ಮೀ. ವ್ಯತ್ಯಾಸ 60 ಮಿ.ಮೀ. ಆಕ್ಸಲ್ ಇರುವುದು ಚಕ್ರದ ನಡುಮಧ್ಯೆ. ಹಾಗಾಗಿ ಅದಕ್ಕೆ ಸಿಗುವುದು ಇದರ ಅರ್ಧ, 30 ಮಿ.ಮೀ. ಎರಡು ಬೆರಳಿನಷ್ಟು. ನಿಮ್ಮ ದಾರಿಯ ದಿಬ್ಬ ಎರಡು ಬೆರಳಿನಷ್ಟೇ ತಾಗುತ್ತಿದ್ದರೆ ಸರಿ. ಒಂದು ಗೇಣು ತಾಗುತ್ತಿದ್ದರೆ 33 ಹಾಕಿದರೂ ತಾಗುತ್ತದೆ. ಮೊದಲು ಹೌಸಿಂಗ್ ಕೆಳಗೆ ಉಜ್ಜಿದ ಗುರುತು ನೋಡಿ. ದಿಬ್ಬದ ಮೇಲೆ ಅದು ಕೊರೆದ ಗೀರು ಎಷ್ಟು ಆಳ ಇದೆ ಅಂತ ಅಳತೆ ಪಟ್ಟಿ ಇಟ್ಟು ನೋಡಿ. ಈ ಅಳತೆ ಮಾಡದೆ ಟೈರ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇದರ ಜೊತೆ ಇನ್ನೊಂದು ವಿಷಯ. 18 ಇಂಚಿನ ರಿಮ್ ಹಾಕಿದರೆ ಗಾಡಿ ಎತ್ತರ ಆಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಇದೇ ಥಾರ್‌ನ ದುಬಾರಿ ಮಾಡೆಲ್‌ನಲ್ಲಿ ಬರುವ 255/65 ಆರ್18 ಟೈರ್‌ನ ಒಟ್ಟು ಎತ್ತರ 789 ಮಿ.ಮೀ. ನಿಮ್ಮದಕ್ಕಿಂತ 15 ಮಿ.ಮೀ. ಮಾತ್ರ ಜಾಸ್ತಿ. ರಿಮ್ ದೊಡ್ಡದಾದಷ್ಟೂ ರಬ್ಬರಿನ ಪಕ್ಕದ ಗೋಡೆ ಗಿಡ್ಡ ಆಗುತ್ತದೆ. ಕಲ್ಲು, ಬೇರು ಇರುವ ದಾರಿಗೆ ಆ ಗೋಡೆ ಉದ್ದ ಇರಬೇಕು. ನಿಮ್ಮ 16 ಇಂಚಿನ ರಿಮ್ ತೋಟಕ್ಕೆ ಒಳ್ಳೆಯ ಅಳತೆ. ಅದನ್ನು ಬಿಡಬೇಡಿ.

ಈಗ "2 ಇಂಚು ಲಿಫ್ಟ್ ಆದರೆ 33 ನೇರವಾಗಿ ಕೂರುತ್ತದೆ" ಅನ್ನುವ ಮಾತಿಗೆ ಬರೋಣ. ನಿಂತಾಗ ಕೂರುತ್ತದೆ, ನಿಜ. ಅಂಗಡಿಯ ನುಣ್ಣನೆ ನೆಲದ ಮೇಲೆ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಕೈ ಆಡುವಷ್ಟು ಜಾಗ ಕಾಣುತ್ತದೆ. ಆದರೆ ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡು, ಬಂಪ್ ಸ್ಟಾಪ್ ಎಂಬ ರಬ್ಬರ್ ಮುದ್ದೆಗೆ ಬಡಿಯುವವರೆಗೂ ಚಕ್ರ ಮೇಲೆ ಹೋಗುತ್ತದೆ. ಬಂಪ್ ಸ್ಟಾಪ್ ಹಳೆಯದೇ ಇದ್ದರೆ, ಲಿಫ್ಟ್ ಆಗಿದ್ದರೂ ಚಕ್ರ ಹೋಗಿ ನಿಲ್ಲುವುದು ಮೊದಲಿನ ಜಾಗದಲ್ಲೇ. ಅಲ್ಲಿ ದೊಡ್ಡ ಟೈರ್‌ಗೆ ಜಾಗ ಎಲ್ಲಿದೆ? ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಇನ್ನೂ ಕಷ್ಟ. ಟೈರ್‌ನ ಹಿಂಬದಿ ಅಂಚು ಬಾಗಿಲ ಕಡೆಯ ಒಳಮೂಲೆಗೆ, ಮುಂಬದಿ ಅಂಚು ಬಂಪರ್ ಮೂಲೆಗೆ ಹೋಗುತ್ತದೆ.

ಒಳಗಡೆ ತಾಗದೇ ಇರಲಿ ಅಂತಲೇ ಅಂಗಡಿಯವರು ಹೊರಕ್ಕೆ ಚಾಚುವ ಅಲಾಯ್ ಕೊಡುತ್ತಾರೆ. ಒಳಗಿನ ತೊಂದರೆ ಅದರಿಂದ ಕಡಿಮೆ ಆಗುತ್ತದೆ, ಹೊರಗಿನದು ಜಾಸ್ತಿ ಆಗುತ್ತದೆ. ಚಕ್ರ ಹೊರಗೆ ಹೋದಷ್ಟೂ ಸ್ಟೀರಿಂಗ್ ತಿರುಗಿಸುವಾಗ ಅದು ದೊಡ್ಡ ವೃತ್ತದಲ್ಲಿ ಬೀಸುತ್ತದೆ, ಮೂಲೆಗಳಿಗೆ ಬಡಿಯುತ್ತದೆ. ಅದು ಬೇರಿಂಗ್‌ಗೂ ಭಾರ. ಬಾಗಿಲಿಗೆ ಜೋತುಬಿದ್ದ ಭಾರ ಹಿಂಜಿನಿಂದ ದೂರ ಇದ್ದಷ್ಟೂ ಹಿಂಜಿನ ಮೇಲೆ ಎಳೆತ ಜಾಸ್ತಿ ಅಲ್ವಾ, ಹಾಗೇ ಇದೂ. ಕಲ್ಲಿನ ಮೇಲೆ ಹತ್ತಿದಾಗ ಸ್ಟೀರಿಂಗ್ ಕೈಗೆ ಒದೆಯುತ್ತದೆ. ಒಂದು ಕಡೆಯ ಚಕ್ರ ನೀರಿನ ಗುಂಡಿಗೆ ಇಳಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಮಡ್‌ಗಾರ್ಡಿನಿಂದ ಹೊರಗೆ ಬಂದ ಟೈರ್ ಎರಚುವ ಕೆಸರು ಪಕ್ಕದ ಬೈಕ್‌ನವರ ಮುಖಕ್ಕೆ ಬೀಳುತ್ತದೆ.

ತಾಗುತ್ತದೋ ಇಲ್ಲವೋ ತಿಳಿಯಲು ನಾನು ಮಾಡುವ ಪರೀಕ್ಷೆ ಸುಲಭ. ನೀವೂ ಮಾಡಬಹುದು. ಸ್ವಲ್ಪ ಸುಣ್ಣವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್‌ಗೆ, ಚಾಸಿಯ ಪಕ್ಕಕ್ಕೆ, ಬಂಪರ್‌ನ ಒಳಮೂಲೆಗೆ ಬಳಿಯಿರಿ. ಒಣಗಲಿ. ಆಮೇಲೆ ಮುಂದಿನ ಒಂದು ಚಕ್ರವನ್ನು ದಿಬ್ಬದ ಮೇಲೆ ನಿಧಾನಕ್ಕೆ ಹತ್ತಿಸಿ, ಸಸ್ಪೆನ್ಷನ್ ಒತ್ತಿಕೊಂಡಾಗ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಇನ್ನೊಂದು ಚಕ್ರಕ್ಕೂ ಹಾಗೇ ಮಾಡಿ. ಇಳಿದು ಬಂದು ನೋಡಿ. ಸುಣ್ಣ ಎಲ್ಲೆಲ್ಲಿ ಅಳಿಸಿದೆಯೋ ಅಲ್ಲೆಲ್ಲ ಟೈರ್ ತಾಗಿದೆ. ಪ್ಲಾಸ್ಟಿಕ್‌ಗೆ ಸ್ವಲ್ಪ ಸವರಿದ್ದರೆ ಕತ್ತರಿಸಿಯೋ ಬಿಸಿ ಮಾಡಿ ಬಗ್ಗಿಸಿಯೋ ಸರಿಮಾಡಬಹುದು. ಬ್ರೇಕ್ ಹೋಸ್ ಹತ್ತಿರ, ಎಬಿಎಸ್ ವೈರ್ ಹತ್ತಿರ ಅಳಿಸಿದ್ದರೆ ಆ ಟೈರ್ ನಿಮ್ಮ ಗಾಡಿಗೆ ಬೇಡವೇ ಬೇಡ. ಒಮ್ಮೆ ನನ್ನ ಹತ್ತಿರ ಬಂದ ಗಾಡಿಯ ಮುಂದಿನ ಬ್ರೇಕ್ ಹೋಸನ್ನು ಟೈರ್ ಮೇಲಿನ ರಬ್ಬರ್ ಉಬ್ಬುಗಳು, ಅಂದರೆ ಕಟ್ಟೆಗಳು, ಒಂದೇ ಮಳೆಗಾಲದಲ್ಲಿ ಅರ್ಧ ಉಜ್ಜಿ ಹಾಕಿದ್ದವು. ಒಳಗಿನ ನೂಲು ಕಾಣುತ್ತಿತ್ತು. ಅವರು ಅದೇ ಗಾಡಿಯಲ್ಲಿ ಚಾರ್ಮಾಡಿ ಇಳಿದು ಹತ್ತಿದ್ದರು. ಆ ಹೋಸನ್ನು ಕೈಯಲ್ಲಿ ಹಿಡಿದಾಗ ನನಗಾದ ಹೆದರಿಕೆ ಇನ್ನೂ ಹೋಗಿಲ್ಲ.

"ಇಂಜಿನ್ ಹೋಗುತ್ತೆ" ಅಂದರಲ್ಲ, ಆ ಮಾತು ಹಾಗೆ ನಿಜವಲ್ಲ. ದೊಡ್ಡ ಟೈರ್‌ನಿಂದ ಇಂಜಿನ್ ಸುಟ್ಟು ಹೋದದ್ದನ್ನು ನಾನು ಕಂಡಿಲ್ಲ. ಆದರೆ ಅದರ ಹಿಂದೆ ಒಂದು ನಿಜ ಇದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೋಗುವ ದೂರ ಜಾಸ್ತಿ. ಹಾಗಾಗಿ ಎಲ್ಲ ಗೇರೂ ಸ್ವಲ್ಪ ಮೇಲಿನ ಗೇರಿನ ಥರ ಆಗುತ್ತದೆ. 774ರಿಂದ 834ಕ್ಕೆ ಹೋದರೆ ನೆಲಕ್ಕೆ ಸಿಗುವ ಎಳೆತ ಸುಮಾರು ಶೇ 7ರಷ್ಟು ಕಡಿಮೆ. ಹತ್ತುವಾಗ ಕ್ಲಚ್ ಜಾಸ್ತಿ ಜಾರಿಸಬೇಕಾಗುತ್ತದೆ. ಹೋಗುವುದು ಕ್ಲಚ್ ಪ್ಲೇಟು. ಡೀಸೆಲ್ ಕೂಡ ಜಾಸ್ತಿ ಕುಡಿಯುತ್ತದೆ.

ಹತ್ತುವುದಕ್ಕಿಂತ ಇಳಿಯುವುದರ ಬಗ್ಗೆ ನನಗೆ ಚಿಂತೆ ಜಾಸ್ತಿ. ಶಿರಾಡಿಯಲ್ಲೋ ಬಿಸಿಲೆಯಲ್ಲೋ ಇಳಿಯುವಾಗ ನೀವು ಎರಡನೇ ಗೇರಿನಲ್ಲಿ ಇಂಜಿನ್ ಹಿಡಿತಕ್ಕೆ ಬಿಡುತ್ತೀರಿ ಅಲ್ವಾ? ಆ ಹಿಡಿತವೂ ಅಷ್ಟೇ ಕಡಿಮೆ ಆಗುತ್ತದೆ. ಉಳಿದದ್ದನ್ನು ಬ್ರೇಕ್ ಹೊರಬೇಕು. ಅದೇ ಹೊತ್ತಿಗೆ ಬ್ರೇಕಿನ ಕೆಲಸವೂ ಹೆಚ್ಚಾಗಿರುತ್ತದೆ. 33ರ ಮಡ್ ಟೈರ್ ಕಂಪನಿ ಟೈರ್‌ಗಿಂತ ಒಂದಕ್ಕೆ 8 ಕೆ.ಜಿ. ಜಾಸ್ತಿ ತೂಗುವುದು ಸಾಮಾನ್ಯ. ಆ ತೂಕ ಇರುವುದು ಚಕ್ರದ ಹೊರ ಅಂಚಿನಲ್ಲಿ, ತಿರುಗುತ್ತಾ. ಕವಣೆಯ ಕಲ್ಲಿನ ಹಾಗೆ. ಅದನ್ನು ನಿಲ್ಲಿಸಲು ಮುಂದಿನ ಡಿಸ್ಕ್, ಹಿಂದಿನ ಡ್ರಮ್ ಎರಡೂ ಜಾಸ್ತಿ ಬಿಸಿಯಾಗುತ್ತವೆ. ಅದರ ಮೇಲೆ ಮಡ್ ಟೈರ್‌ನ ದೊಡ್ಡ ದೊಡ್ಡ ಕಟ್ಟೆಗಳು ಒದ್ದೆ ಟಾರಿನ ಮೇಲೆ ಸರಿಯಾಗಿ ಕಚ್ಚುವುದಿಲ್ಲ. ನಿಮ್ಮೂರಿನ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಬೆಳಗ್ಗೆ ಎಂಟು ಗಂಟೆ, ಮಂಜು, ಒದ್ದೆ ಹೆದ್ದಾರಿ, ಹಿಂದಿನ ಸೀಟಿನಲ್ಲಿ ಮಕ್ಕಳು, ಎದುರಿಗೆ ತಟ್ಟನೆ ಬ್ರೇಕ್ ಹಾಕಿದ ಲಾರಿ. ನನ್ನ ತಲೆಯಲ್ಲಿರುವುದು ಈ ಚಿತ್ರ.

ಸ್ಪೀಡೊಮೀಟರ್ ಕೂಡ ಬದಲಾಗುತ್ತದೆ. ಮೀಟರ್ 80 ತೋರಿಸುವಾಗ ಚಕ್ರದ ಲೆಕ್ಕದಲ್ಲಿ ನೀವು 86ರ ಹತ್ತಿರ ಇರುತ್ತೀರಿ. ಕಂಪನಿಯವರು ಮೀಟರನ್ನು ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವ ಹಾಗೇ ಇಟ್ಟಿರುತ್ತಾರೆ, ಅದರಲ್ಲಿ ಒಂದಷ್ಟು ಸರಿಹೋಗುತ್ತದೆ. ಫೋನಿನ ಜಿಪಿಎಸ್ ಇಟ್ಟು ಹೋಲಿಸಿ ನೋಡಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ನೀವು ಈಗಾಗಲೇ ಮಾಡಿಸಿದ ಲಿಫ್ಟ್ ಕೂಡ ಈ ಪ್ರಶ್ನೆಯೊಳಗೇ ಬರುತ್ತದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ರಸ್ತೆಯಲ್ಲಿ ಹಿಡಿಯುತ್ತಾರೋ ಬಿಡುತ್ತಾರೋ ಅದು ಬೇರೆ. ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ವಿಮೆ. ಅಪಘಾತ ಆದ ದಿನ ಸರ್ವೇಯರ್ ಬಂದು ಟೈರ್ ಅಳತೆ ಬರೆದುಕೊಳ್ಳುತ್ತಾರೆ. ಆ ದಿನ ವಾದ ಮಾಡುವ ಬದಲು ಈಗಲೇ ವಿಮೆ ಕಂಪನಿಗೆ ಇಮೇಲ್ ಬರೆದು, ಲಿಫ್ಟ್ ವಿಷಯ, ಹಾಕಿಸಬೇಕೆಂದಿರುವ ಟೈರ್ ಅಳತೆ ತಿಳಿಸಿ. ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ನಿಮ್ಮ ಆರ್‌ಟಿಒ ಕಚೇರಿಯಲ್ಲೂ ಕೇಳಿ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಟೈರ್ ಅಂಗಡಿಗಿಂತ ಮೊದಲು ನಿಮ್ಮ ತೋಟದ ದಾರಿ. ನಡುದಿಬ್ಬವನ್ನು ಗುದ್ದಲಿಯಲ್ಲಿ ಕೆತ್ತಿ, ಆ ಮಣ್ಣು ಮತ್ತು ಜಲ್ಲಿಯನ್ನು ಚಕ್ರದ ಗುಂಡಿಗೆ ತುಂಬಿಸಿ. ನೀರು ದಾರಿಯ ಉದ್ದಕ್ಕೂ ಹರಿಯದ ಹಾಗೆ ಅಲ್ಲಲ್ಲಿ ಅಡ್ಡ ಕಾಲುವೆ ಹೊಡೆಸಿ. ತಾಗುವ ಜಾಗ ಇರುವುದು ಬಹುಶಃ ಎರಡೋ ಮೂರೋ ಕಡೆ. ನಾಲ್ಕು ಜನರ ಒಂದು ದಿನದ ಕೆಲಸ. ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲೇ ಮುಗಿಸಿ. ಐದು ಟೈರಿನ ದುಡ್ಡಿಗೆ ಇದನ್ನು ಹೋಲಿಸಿ ನೋಡಿ. ಗಾಡಿ ಕೆಲಸದವನು ದಾರಿ ಸರಿಮಾಡಿಸಿ ಅನ್ನುತ್ತಾನಲ್ಲ ಅಂತ ಅನ್ನಿಸಬಹುದು. ಆದರೆ ನಿಮ್ಮ ತೊಂದರೆಯ ಬೇರು ಇರುವುದು ಅಲ್ಲೇ.

ಎರಡನೇ ದಾರಿ, ಅದೇ 245/75 ಅಳತೆಯಲ್ಲಿ ಒಳ್ಳೆಯ ಆಲ್ ಟೆರೇನ್ ಟೈರ್, ಅಂದರೆ ಟಾರು ರಸ್ತೆಗೂ ಮಣ್ಣಿನ ದಾರಿಗೂ ಆಗುವಂಥದ್ದು. ಅಳತೆ ಕಂಪನಿಯದೇ. ಕಾನೂನು, ಬ್ರೇಕ್, ಗೇರ್, ಮೀಟರ್ ಯಾವುದಕ್ಕೂ ಟೈರ್‌ನಿಂದ ಹೊಸ ತಕರಾರು ಬರುವುದಿಲ್ಲ. ಎತ್ತರ ಸಿಗುವುದಿಲ್ಲ, ಹಿಡಿತ ಸಿಗುತ್ತದೆ. ಅಗಲ ಕಡಿಮೆ ಅಂತ ಬೇಸರ ಬೇಡ. ಮಲೆನಾಡಿನ ಕೆಸರಿನ ಕೆಳಗೆ ಎಷ್ಟೋ ಕಡೆ ಗಟ್ಟಿ ನೆಲ ಇರುತ್ತದೆ. ಸಪೂರ ಟೈರ್ ಕೆಸರನ್ನು ಸೀಳಿಕೊಂಡು ಆ ನೆಲ ಹಿಡಿಯುತ್ತದೆ. ಅಗಲದ ಟೈರ್ ಮೇಲೇ ತೇಲಿ ಪಕ್ಕಕ್ಕೆ ಜಾರುತ್ತದೆ. ಹಳೇ ಮಹೀಂದ್ರಾ ಜೀಪುಗಳು 6.00-16 ಎಂಬ ಸಪೂರ ಟೈರಿನಲ್ಲಿ, ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿಕೊಂಡು ಎಂಥ ಎಂಥ ತೋಟದ ದಾರಿ ಹತ್ತಿದವು ಅಂತ ನಿಮ್ಮ ತಂದೆಯವರನ್ನು ಕೇಳಿ.

ಮೂರನೆಯದು 265/75 ಆರ್16. ಎತ್ತರ ಸುಮಾರು 804 ಮಿ.ಮೀ. ಆಕ್ಸಲ್‌ಗೆ 15 ಮಿ.ಮೀ. ಸಿಗುತ್ತದೆ, ಒಂದು ಬೆರಳಿನಷ್ಟು. ಎಳೆತ ಕಡಿಮೆ ಆಗುವುದು ಶೇ 4ರ ಒಳಗೆ. ಮೀಟರ್ 80 ಅಂದಾಗ ನಿಜದಲ್ಲಿ 83. ನಿಮ್ಮ ಲಿಫ್ಟ್ ಇರುವ ಗಾಡಿಗೆ ಸಾಮಾನ್ಯವಾಗಿ ದೊಡ್ಡ ಕತ್ತರಿ ಕೆಲಸವಿಲ್ಲದೆ ಕೂರುತ್ತದೆ, ಆದರೂ ಸುಣ್ಣದ ಪರೀಕ್ಷೆ ಬಿಡಬೇಡಿ. ಇದಕ್ಕೆ 7ರಿಂದ 8 ಇಂಚು ಅಗಲದ ರಿಮ್ ಬೇಕು. ರಿಮ್ ಅಗಲ ರಿಮ್ ಮೇಲೇ ಅಚ್ಚಾಗಿರುತ್ತದೆ, ನೋಡಿಕೊಳ್ಳಿ. ಕಂಪನಿಯ ರಿಮ್‌ನಲ್ಲೇ ಹಾಕಿಸಿ, ಹೊರಕ್ಕೆ ಚಾಚುವ ಅಲಾಯ್ ಬೇಡ. ಕಂಪನಿ ಹೇಳಿದ ಅಳತೆ ಇದಲ್ಲ, ಹಾಗಾಗಿ ವಿಮೆಯ ಪತ್ರ ಇದಕ್ಕೂ ಬೇಕು.

ನಾಲ್ಕನೆಯದು 33. ಸರಿಯಾಗಿ ಮಾಡಬೇಕೆಂದರೆ ಟೈರ್ ಒಂದೇ ಸಾಲದು. ಬಂಪ್ ಸ್ಟಾಪ್ ಉದ್ದ ಮಾಡಬೇಕು, ಮಡ್‌ಗಾರ್ಡ್ ಒಳಗೆ ಕತ್ತರಿಸಬೇಕು, ಬ್ರೇಕ್ ಗಟ್ಟಿ ಮಾಡಬೇಕು, ಕ್ರೌನ್ ಪಿನಿಯನ್ ಅನುಪಾತ ಬದಲಿಸಿದರೆ ಮಾತ್ರ ಗೇರ್ ಮೊದಲಿನ ಹಾಗಾಗುತ್ತದೆ. ಸ್ಟೆಪ್ನಿಯೂ 33 ಆಗಿರಬೇಕು. ಥಾರ್‌ನ ಸ್ಟೆಪ್ನಿ ಹಿಂದಿನ ಬಾಗಿಲಲ್ಲಿ ತೂಗುತ್ತದೆ, ಆ ಹಿಂಜು ಹೆಚ್ಚಿನ ಭಾರಕ್ಕೆ ಜಗ್ಗುತ್ತದೆ. ಹಳೇ ಚಿಕ್ಕ ಸ್ಟೆಪ್ನಿ ಇಟ್ಟುಕೊಂಡು, ಪಂಚರ್ ಆದ ದಿನ ಅದನ್ನೇ ಹಾಕಿ ಫೋರ್ ವೀಲ್ ಹಾಕಿದರೆ ಗೇರ್‌ಬಾಕ್ಸ್, ಆಕ್ಸಲ್ ಒಂದಕ್ಕೊಂದು ಎಳೆದಾಡಿ ಮುರಿದುಕೊಳ್ಳುತ್ತವೆ. ತೋಟದಲ್ಲಿ, ಆಫ್‌ರೋಡ್ ಸ್ಪರ್ಧೆಯಲ್ಲಿ ಮಾತ್ರ ಓಡುವ ಗಾಡಿಗೆ ಇದೆಲ್ಲ ಮಾಡಿಸುವವರಿದ್ದಾರೆ, ನಾನೂ ಮಾಡಿಕೊಟ್ಟಿದ್ದೇನೆ. ಶಾಲೆಗೆ ಹೋಗುವ ಗಾಡಿಗೆ ಮಾಡಿಕೊಡುವುದಿಲ್ಲ.

ಗೆಳೆಯರ ಬಳಸಿದ ಸೆಟ್ ಬಗ್ಗೆ. ಟೈರ್ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1517 ಅಂತಿದ್ದರೆ 2017ರ 15ನೇ ವಾರ ತಯಾರಾದದ್ದು. ಕಟ್ಟೆ ಎಷ್ಟೇ ಎತ್ತರ ಇದ್ದರೂ ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ ಒದ್ದೆಯಲ್ಲಿ ಜಾರುತ್ತದೆ. ಪಕ್ಕದ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಕೂದಲೆಳೆಯಂಥ ಬಿರುಕು ತೆರೆದುಕೊಂಡರೆ ಪುಕ್ಕಟೆ ಕೊಟ್ಟರೂ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ದಾರಿ ಸರಿಮಾಡಿಸುತ್ತಿದ್ದೆ. ಆಮೇಲೂ ಒಂದು ಬೆರಳು ತಾಗಿದರೆ, ವಿಮೆಯವರ ಉತ್ತರ ಕೈಯಲ್ಲಿ ಹಿಡಿದು 265/75ರ ಆಲ್ ಟೆರೇನ್, ಐದೂ ಹೊಸದು. ತಾಗದಿದ್ದರೆ 245ರಲ್ಲೇ ಉಳಿಯುತ್ತಿದ್ದೆ. ಹೊಸ ಟೈರ್‌ನ ಲೋಡ್ ಇಂಡೆಕ್ಸ್, ಅಂದರೆ ಅದು ಎಷ್ಟು ಭಾರ ಹೊರಬಲ್ಲದು ಅನ್ನುವ ಅಂಕಿ, ಹಳೆಯದಕ್ಕಿಂತ ಕಡಿಮೆ ಇರಬಾರದು.

ಯಾವುದೇ ಟೈರ್ ಹಾಕಿದರೂ ಈಗಿನ ಲಿಫ್ಟನ್ನು ಒಮ್ಮೆ ಜಾಕ್ ಮೇಲೆ ಎತ್ತಿ ನೋಡಿಸಿ. ಲಿಫ್ಟ್‌ನಿಂದ ಮುಂದಿನ ಡ್ರೈವ್ ಶಾಫ್ಟ್‌ಗಳು ಜಾಸ್ತಿ ಓರೆಯಾಗಿ ತಿರುಗುತ್ತಿವೆ, ಅವುಗಳ ರಬ್ಬರ್ ಬೂಟ್ ಮಡಿಕೆಗಳಲ್ಲಿ ಬೇಗ ಹರಿಯುತ್ತದೆ. ಗ್ರೀಸ್ ಚಿಮ್ಮಿದ ಕಲೆ ಇದ್ದರೆ ಅವತ್ತೇ ಬದಲಿಸಿ. ಲಿಫ್ಟ್ ಆದ ಮೇಲೆ ಅಲೈನ್‌ಮೆಂಟ್ ಮಾಡಿಸಿದ ಪ್ರಿಂಟ್ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಹೊಸ ಟೈರ್ ಹಾಕಿದ ದಿನವೇ ಮಾಡಿಸಿ, ಇಲ್ಲವಾದರೆ ಒಳ ಅಂಚು ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಹೆಡ್‌ಲೈಟ್ ಕೂಡ ಕೆಳಗಿಳಿಸಿ. ಗಾಡಿ ಎದ್ದ ಮೇಲೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತಿರುತ್ತದೆ.

ಗಾಳಿ ಎಷ್ಟು ಬೇಕು ಅಂತ ತಿಳಿಯಲು ಟೈರ್ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಕಾಂಕ್ರೀಟ್ ಅಂಗಳದಲ್ಲಿ ನೇರಕ್ಕೆ ಸ್ವಲ್ಪ ದೂರ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದರೆ ಕಡಿಮೆ. ವೀಲ್ ನಟ್‌ಗಳನ್ನು 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟೈಟ್ ಮಾಡಿಸಿ. ಮತ್ತೆ, ಹೊಸ ಟೈರ್‌ನಲ್ಲಿ ಮೊದಲ ವಾರ ಮಕ್ಕಳನ್ನು ಕೂರಿಸುವ ಮುಂಚೆ, ನಿಮ್ಮ ಹೆಂಡತಿಯವರೇ ಖಾಲಿ ರಸ್ತೆಯಲ್ಲಿ 40ರಲ್ಲೂ 60ರಲ್ಲೂ ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಲಿ. ಒಣ ರಸ್ತೆಯಲ್ಲಿ ಒಂದು ದಿನ, ಮಳೆ ಬಿದ್ದ ರಸ್ತೆಯಲ್ಲಿ ಇನ್ನೊಂದು ದಿನ. ಗಾಡಿ ಒಂದು ಕಡೆಗೆ ಎಳೆದರೆ, ಇಲ್ಲವೇ ಮೊದಲಿಗಿಂತ ಮುಂದೆ ಹೋಗಿ ನಿಂತಿತು ಅಂತ ಅವರಿಗೆ ಅನ್ನಿಸಿದರೆ, ಆ ಮಾತನ್ನು ನಂಬಿ ನೇರ ಗ್ಯಾರೇಜಿಗೆ ತನ್ನಿ.